ಮಷೀನಿಗೆ ಹಾಕ್ಯಾರ ಅಂದ್ರ ಮುಗೀತೇನು?

ಇವತ್ತಿನ ಕಥೆ ಕಲಬುರಗಿಯ ಸೇಡಂ ರಸ್ತೆಯಿಂದ ಶುರು. ಜಿಮ್ಸ್, ಇಎಸ್‌ಐಸಿ, ಬಸವೇಶ್ವರ ಆಸ್ಪತ್ರೆ, ಎಲ್ಲ ಇದೇ ರಸ್ತೆಯಲ್ಲಿವೆ. ನಡುವೆ ಔಷಧಿ ಅಂಗಡಿ, ಚಹಾದಂಗಡಿ, ಊರಿಂದ ಬುತ್ತಿ ಕಟ್ಟಿಕೊಂಡು ಬಂದ ಜನ. ಕೆಲವು ವರ್ಷದ ಹಿಂದೆ ಈ ರಸ್ತೆಯ ಒಂದು ಐಸಿಯು ಹೊರಗೆ ನಾನೂ ಕೂತಿದ್ದೆ.

ಕಮಲಾಪುರದಲ್ಲಿ ನಮ್ಮ ಕಾಕಾನ ಮಗನಿಗೆ ಬೆಳಗ್ಗೆ ಫಿಟ್ಸ್ ಬಂತು. ಮೊದಲೂ ಬರ್ತಿತ್ತು, ಎರಡು ನಿಮಿಷದಲ್ಲಿ ನಿಲ್ತಿತ್ತು. ಅವತ್ತು ನಿಲ್ಲಲಿಲ್ಲ. ಕೈಗೆ ಬೀಗದ ಕೈ ಕೊಟ್ಟರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಗಾಡಿ ಸಿಕ್ಕಿ ಕಲಬುರಗಿ ಮುಟ್ಟೋ ಹೊತ್ತಿಗೆ ತಾಸಿನ ಮೇಲಾಗಿತ್ತು. ವೆಂಟಿಲೇಟರ್ ಹಾಕಿದ್ದೇವೆ ಅಂತ ಡಾಕ್ಟರು ಹೇಳಿದ್ದೇ ತಡ, ಚಿಕ್ಕವ್ವ ಕುಸಿದು ಕೂತಳು. ‘ಮಷೀನಿಗೆ ಹಾಕ್ಯಾರ ಅಂದ್ರ ಮುಗೀತಲ್ಲೋ ತಮ್ಮಾ. ಮನಿಗೆ ಒಯ್ಯೂಣು ನಡಿ.’

ಕೋವಿಡ್ ನೋಡಿದವರಿಗೆ ಈ ಭಯ ಹೊಸದಲ್ಲ. ಆದರೆ ಫಿಟ್ಸ್ ವಿಷಯದಲ್ಲಿ ಈ ಮಷೀನಿನ ಚರಿತ್ರೆಯೇ ಬೇರೆ.

ನಿಲ್ಲದ ಫಿಟ್ಸ್‌ಗೆ ವೈದ್ಯರು ‘ಸ್ಟೇಟಸ್ ಎಪಿಲೆಪ್ಟಿಕಸ್’ ಅಂತಾರೆ. 1824ರಲ್ಲೇ ಪ್ಯಾರಿಸ್‌ನಲ್ಲಿ ಕಾಲ್ಮೇಯ್ ಎಂಬ ವೈದ್ಯ ಇದರ ಬಗ್ಗೆ ಬರೆದಿದ್ದ. ಆಗ ಮಾಡೋಕೆ ಹೆಚ್ಚೇನೂ ಇರಲಿಲ್ಲ. 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್, ಫಿನೋಬಾರ್ಬಿಟಾಲ್ ಫಿಟ್ಸ್ ತಡೆಯುತ್ತೆ ಅಂತ ಕಂಡುಕೊಂಡ. ತೊಡಕು ಏನಂದ್ರೆ, ಡೋಸ್ ಜಾಸ್ತಿ ಆದರೆ ಫಿಟ್ಸ್ ಜೊತೆ ಉಸಿರೂ ನಿಲ್ಲುತ್ತೆ. ಕಡಿಮೆ ಕೊಟ್ಟರೆ ಫಿಟ್ಸ್ ನಿಲ್ಲಲ್ಲ.

ದಾರಿ ತೆರೆದದ್ದು ಇನ್ನೊಂದು ರೋಗ, ಪೋಲಿಯೊ. 1952ರ ಆಗಸ್ಟ್‌ನಲ್ಲಿ ಕೋಪನ್‌ಹೇಗನ್‌ನ ಆಸ್ಪತ್ರೆಯಲ್ಲಿ ಉಸಿರಾಡಲಾಗದ ಮಕ್ಕಳು ಸಾಯ್ತಾ ಇದ್ದರು. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್, 12 ವರ್ಷದ ಹುಡುಗಿಯ ಗಂಟಲಲ್ಲಿ ರಂಧ್ರ ಮಾಡಿಸಿ ಕೊಳವೆ ಇಟ್ಟು, ಚೀಲ ಹಿಸುಕಿ ಗಾಳಿ ಕೊಟ್ಟ. ಬದುಕಿದಳು. ಆಮೇಲೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಗಲು ರಾತ್ರಿ ಕೈಯಲ್ಲೇ ಚೀಲ ಹಿಸುಕಿದರು. ನಿಮ್ಮ ವಯಸ್ಸಿನವರೇ ಅವರೆಲ್ಲ! ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಇವತ್ತಿನ ಐಸಿಯು ಬೆಳೆದದ್ದು ಅಲ್ಲಿಂದ.

ಉಸಿರಿನ ಹೊಣೆ ಬೇರೆಯವರು ಹೊತ್ತ ಮೇಲೆ, ಮಿದುಳಿಗೆ ಜೋರಾಗಿ ನಿದ್ದೆ ಬರಿಸೋ ಧೈರ್ಯ ವೈದ್ಯರಿಗೆ ಬಂತು. ನಮ್ಮ ಹುಡುಗನಿಗೂ ಆದದ್ದು ಇದೇ. ಮೊದಲ ಇಂಜೆಕ್ಷನ್‌ಗಳಿಗೆ ಬಗ್ಗಲಿಲ್ಲ, ಅರಿವಳಿಕೆ ಔಷಧಿ ಶುರು ಮಾಡಿದರು, ಅದಕ್ಕೇ ಮಷೀನು. ಮೈ ಅಲುಗಾಡದಿದ್ದರೂ ಮಿದುಳಿನಲ್ಲಿ ಫಿಟ್ಸ್ ನಡೆದಿರಬಹುದು, ಹಾಗಾಗಿ ತಲೆಗೆ ಇಇಜಿ ತಂತಿ.

ಇನ್ನೊಂದು ಮಾತು. ಆಂಬುಲೆನ್ಸ್‌ನಲ್ಲೇ ಫಿಟ್ಸ್ ಔಷಧಿ ಕೊಟ್ಟರೆ ಉಸಿರು ನಿಲ್ಲುತ್ತೆ ಅನ್ನೋ ಭಯ ಇತ್ತು. 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಅಧ್ಯಯನ ಉಲ್ಟಾ ತೋರಿಸಿತು: ಔಷಧಿಯಿಲ್ಲದ ಸೂಜಿ ಹಾಕಿಸಿಕೊಂಡವರಲ್ಲೇ ಉಸಿರು, ರಕ್ತದೊತ್ತಡದ ತೊಂದರೆ ಸುಮಾರು ಎರಡು ಪಟ್ಟು. ಉಸಿರನ್ನು ಹೆಚ್ಚು ಕೆಡಿಸೋದು ಫಿಟ್ಸೇ. ಈಗ ಐದು ನಿಮಿಷ ದಾಟಿದರೆ ತುರ್ತು ಅಂತ ಲೆಕ್ಕ. ಕಮಲಾಪುರದಿಂದ ಸೇಡಂ ರಸ್ತೆಗೆ ಐದು ನಿಮಿಷದಲ್ಲಿ ಯಾರೂ ಬರೋಕಾಗಲ್ಲ. ಮೂಗಿಗೆ ಹೊಡೆಯೋ ಮಿಡಜೋಲಾಮ್ ಸ್ಪ್ರೇ ಮನೆಯಲ್ಲೇ ಇಟ್ಟುಕೊಳ್ಳಬಹುದು ಅಂತ ನಮಗೆ ಗೊತ್ತಾದದ್ದು ಆಮೇಲೆ. ಡಾಕ್ಟರ ಚೀಟಿ ಬೇಕು. ಬೀಗದ ಕೈ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ.

ನಾಲ್ಕನೇ ದಿನ ಕೊಳವೆ ತೆಗೆದರು. ದನಿ ಗೊಗ್ಗರಾಗಿತ್ತು, ಗೋಡೆ ಹಿಡಿದು ನಡೀತಿದ್ದ, ಆ ವಾರ ಅವನ ನೆನಪಲ್ಲೇ ಇಲ್ಲ. ಎಲ್ಲರೂ ಹೀಗೆ ವಾಪಸ್ ಬರಲ್ಲ. ಕಾರಣ ಮಿದುಳು ಜ್ವರವೋ ಪಾರ್ಶ್ವವಾಯುವೋ ಆದರೆ ಕಷ್ಟ ಜಾಸ್ತಿ. ಇವನ ಕಾರಣ ಸಣ್ಣದು. ಮದುವೆ ಮಾತುಕತೆ ನಡೆದಿತ್ತು, ಬೀಗರಿಗೆ ಕಾಣಬಾರದು ಅಂತ ಗುಳಗಿ ಬಿಟ್ಟಿದ್ದ. ಅವನೊಬ್ಬನದೇ ತಪ್ಪು ಅನ್ನಲಾರೆ. 1999ರ ತಿದ್ದುಪಡಿವರೆಗೂ ಹಿಂದೂ ವಿವಾಹ ಕಾಯ್ದೆಯೇ ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಅಂತಿತ್ತು.

ಆ ಗುಳಗಿಗೆ ದುಬಾರಿ ಆಸ್ಪತ್ರೆಯೂ ಬೇಕಿಲ್ಲ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಅಗ್ಗದ ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಿಂದಲೇ ಫಿಟ್ಸ್ ಹತೋಟಿಗೆ ತಂದರು. 2001ರಲ್ಲಿ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು. 1912ರ ಔಷಧಿ!

ಅವನ ಡಬ್ಬಿ ಈಗ ಟಿವಿ ಪಕ್ಕದಲ್ಲೇ ಇರುತ್ತೆ. ಯಾರೇ ಬಂದು ಕೂತಿರಲಿ, ರಾತ್ರಿ ಊಟ ಆದ ಮೇಲೆ ಚಿಕ್ಕವ್ವ ಅಡಿಗಿ ಮನಿಯಿಂದಲೇ ಕೂಗ್ತಾಳೆ: ‘ಗುಳಗಿ ತಗೊಂಡೇನೋ?’