ಬಸುರಿನಲ್ಲಿ ಉಬ್ಬುವ ರಕ್ತನಾಳಗಳು

ಚರ್ಮದ ಕೆಳಗಿನ ಅಭಿಧಮನಿಗಳು ಹಿಗ್ಗಿ, ಅಂಕುಡೊಂಕಾಗಿ, ನೀಲಿ ಗಂಟುಗಳಂತೆ ಮೇಲೆದ್ದು ಕಾಣುವ ಸ್ಥಿತಿ. ಆಸ್ಪತ್ರೆಗಳಲ್ಲಿ ಇದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಮನೆಗಳಲ್ಲಿ ಕಾಲಿನ ನರ ಉಬ್ಬಿದೆ ಎನ್ನುವುದೇ ರೂಢಿ. ಗರ್ಭಿಣಿಯರಲ್ಲಿ ಇದು ಸಾಮಾನ್ಯ. ಕಾಲು ಭಾರವಾಗುವುದು, ಸಂಜೆಯ ಹೊತ್ತಿಗೆ ಜಗಿತ, ತುರಿಕೆ, ಪಾದದ ಊತ ಇದರ ಲಕ್ಷಣಗಳು. ಯೋನಿದ್ವಾರದ ಸುತ್ತಲೂ ಹೀಗೆ ಉಬ್ಬುವುದುಂಟು. ಸಂಕೋಚದಿಂದ ಹಲವರು ಅದನ್ನು ವೈದ್ಯರಿಗೂ ಹೇಳುವುದಿಲ್ಲ.

ಕಾಲಿನ ರಕ್ತ ಮೇಲೇರಿ ಹೃದಯ ಸೇರಬೇಕು. ನಡೆಯುವಾಗ ಮೀನಖಂಡ ಅದನ್ನು ಹಿಂಡಿ ಮೇಲಕ್ಕೆ ತಳ್ಳುತ್ತದೆ, ನಾಳದೊಳಗಿನ ಕವಾಟಗಳು ಕೆಳಕ್ಕೆ ಜಾರದಂತೆ ತಡೆಯುತ್ತವೆ. ಬಸುರಿನಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ನಾಳದ ಗೋಡೆಯನ್ನು ಸಡಿಲಿಸುತ್ತದೆ. ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಏರುತ್ತದೆ. ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ಮಹಾ ಅಭಿಧಮನಿಯನ್ನು ಒತ್ತುತ್ತದೆ. ಹಿಗ್ಗಿದ ನಾಳದಲ್ಲಿ ಕವಾಟದ ಎಸಳುಗಳು ಒಂದಕ್ಕೊಂದು ಕೂಡದೆ ರಕ್ತ ಕೆಳಗೇ ನಿಲ್ಲುತ್ತದೆ. ಹೊಟ್ಟೆ ಕಾಣಿಸುವ ಮೊದಲೇ ಕೆಲವರಿಗೆ ನರ ಉಬ್ಬುವುದು ಹಾರ್ಮೋನಿನ ಕೆಲಸ. ತಾಯಿಗೆ ಇದ್ದರೆ ಮಗಳಿಗೂ ಬರುವ ಸಂಭವ ಹೆಚ್ಚು; ಹೆರಿಗೆಗಳು ಹೆಚ್ಚಿದಂತೆಯೂ ಅಷ್ಟೇ.

ಒಂದೇ ಕಡೆ ಬಹಳ ಹೊತ್ತು ನಿಲ್ಲದೆ ಆಗಾಗ ನಡೆಯುವುದು, ಕೂತಾಗ ಪಾದ ಆಡಿಸುವುದು, ಕಾಲಡಿ ದಿಂಬಿಟ್ಟು ಎಡಮಗ್ಗುಲಿಗೆ ಮಲಗುವುದು ಹಿತ. ಮಹಾ ಅಭಿಧಮನಿ ಬೆನ್ನುಮೂಳೆಯ ಬಲಕ್ಕಿರುವುದರಿಂದ ಎಡಮಗ್ಗುಲಲ್ಲಿ ಅದರ ಮೇಲಿನ ಭಾರ ಇಳಿಯುತ್ತದೆ. ವೈದ್ಯರು ಅಳತೆ ನೋಡಿ ಸೂಚಿಸುವ ಒತ್ತು ಕಾಲುಚೀಲವನ್ನು ಬೆಳಿಗ್ಗೆ ಕಾಲು ಊದಿಕೊಳ್ಳುವ ಮೊದಲೇ ಹಾಕಿಕೊಳ್ಳಬೇಕು. ಬೇಸಿಗೆಯಲ್ಲಿ ಅದನ್ನು ದಿನವಿಡೀ ತಾಳುವುದು ಸುಲಭವಲ್ಲ. ಅದು ಹೊಸ ಉಬ್ಬುಗಳನ್ನು ತಡೆಯುತ್ತದೆ ಎನ್ನಲಾಗದು; ನೋವು, ಭಾರ ಮಾತ್ರ ತಗ್ಗುತ್ತವೆ.

ಉಬ್ಬಿದ ನರ ಒಡೆದು ರಕ್ತ ಬಂದರೆ ಮಲಗಿ, ಕಾಲೆತ್ತಿ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲು ಹಠಾತ್ತನೆ ಊದಿ, ಬಿಸಿಯಾಗಿ ನೋಯತೊಡಗಿದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದು ಅಪಾಯ. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಎದೆನೋವು, ಏದುಸಿರು ಕಾಣಿಸುತ್ತದೆ, ಇದು ತುರ್ತುಸ್ಥಿತಿ. ಹೆರಿಗೆಯ ನಂತರದ ಮೊದಲ ಆರು ವಾರಗಳಲ್ಲಿ ಈ ಅಪಾಯ ಅತಿ ಹೆಚ್ಚು. ಆದ್ದರಿಂದ ಬಾಣಂತಿಯನ್ನು ಮಂಚ ಬಿಟ್ಟು ಏಳದಂತೆ ಮಲಗಿಸುವ ಪದ್ಧತಿ ಸರಿಯಲ್ಲ.

ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹುಪಾಲು ಉಬ್ಬುಗಳು ತಾವಾಗಿ ಇಳಿಯುತ್ತವೆ. ಲೇಸರ್, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಗಳನ್ನು ಬಸುರಿನಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ. ಉಳಿದುಕೊಂಡ ನಾಳಗಳಿಗೆ ನಂತರ ಚಿಕಿತ್ಸೆ ಕೊಡುತ್ತಾರೆ.