ತಾಯಿಗಾಗಿ ಅತ್ತ ಸಂತ

ಸಾವಿನ ಮನೆಗೆ ಹೋದಾಗ ನಮ್ಮ ಬಾಯಿಂದ ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದು ಹೊರಡುತ್ತದೆ. 'ಅಳಬೇಡಿ, ಸಮಾಧಾನ ತಂದುಕೊಳ್ಳಿ' ಎನ್ನುತ್ತೇವೆ. ಇಲ್ಲವೆ 'ಅತ್ತುಬಿಡಿ, ಎದೆ ಹಗುರವಾಗಲಿ' ಎನ್ನುತ್ತೇವೆ. ಎರಡೂ ಪ್ರೀತಿಯಿಂದ ಬಂದ ಮಾತುಗಳೇ. ಆದರೆ ಒಂದಕ್ಕೊಂದು ವಿರುದ್ಧವಾದವು. ಕ್ರೈಸ್ತಧರ್ಮದ ಮೊದಲ ಶತಮಾನಗಳಲ್ಲಿ ಈ ವಿರೋಧವೇ ಒಂದು ದೊಡ್ಡ ಪ್ರಶ್ನೆಯಾಗಿ ಎದ್ದು ನಿಂತಿತು. ಸತ್ತವರು ಮತ್ತೆ ಏಳುವರೆಂಬುದು ಆ ಧರ್ಮದ ಮೂಲ ನಂಬಿಕೆ. ಹಾಗೆ ನಂಬಿದವನು ಅಳುವುದಾದರೂ ಏಕೆ? ಅತ್ತರೆ ಅವನ ನಂಬಿಕೆಯಲ್ಲಿಯೇ ಕೊರತೆಯಿದೆ ಎಂದಾಗುವುದಿಲ್ಲವೆ?

ಧರ್ಮಗ್ರಂಥದಲ್ಲಿ ಇದಕ್ಕೆ ಉತ್ತರವಿಲ್ಲವೆಂದಲ್ಲ. ಮತ್ತಾಯನ ಸುವಾರ್ತೆಯಲ್ಲಿ ಬರುವ ಬೆಟ್ಟದ ಮೇಲಣ ಉಪದೇಶದಲ್ಲಿ ಕ್ರಿಸ್ತನು ಶೋಕಿಸುವವರನ್ನೇ ಧನ್ಯರೆಂದು ಕರೆದು, ಅವರಿಗೆ ಸಾಂತ್ವನ ದೊರೆಯುವುದೆಂದು ಹೇಳಿದ್ದಾನೆ. ಅಲ್ಲಿ ಶೋಕಕ್ಕೆ ಬಂದಿರುವ ಗ್ರೀಕ್ ಪದ ಸತ್ತವರಿಗಾಗಿ ಗೋಳಾಡುವುದಕ್ಕೂ ಬಳಕೆಯಲ್ಲಿದ್ದ ಪದ. ಸಾಂತ್ವನಕ್ಕೆ ಬಂದಿರುವ ಪದವನ್ನು ಬಿಡಿಸಿದರೆ 'ಪಕ್ಕಕ್ಕೆ ಕರೆ' ಎಂಬ ಅರ್ಥ ಹೊರಡುತ್ತದೆ. ಕನ್ನಡ ಪಾಠ ಹೇಳುವ ನನಗೆ ಈ ಪದ ಬಹಳವಾಗಿ ಹಿಡಿಸಿತು. ನಮ್ಮ 'ಸಮಾಧಾನ'ದಲ್ಲಿ ಚೆದರಿದ್ದನ್ನು ಒಂದೆಡೆ ಕೂಡಿಸಿಡುವ ಭಾವವಿದೆ. ಗ್ರೀಕ್ ಪದದಲ್ಲಿ ಒಬ್ಬರ ಮಗ್ಗುಲಲ್ಲಿ ಇನ್ನೊಬ್ಬರಿರುವ ಭಾವವಿದೆ. ಯೋಹಾನನ ಸುವಾರ್ತೆಯಲ್ಲಂತೂ ಬೇಥಾನ್ಯದ ಲಾಜರನಿಗಾಗಿ ಕ್ರಿಸ್ತನೇ ಕಣ್ಣೀರಿಡುತ್ತಾನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಬದುಕಿಸಲಿರುವವನು, ಅದನ್ನು ತಿಳಿದೂ ಅತ್ತನು.

ಆದರೆ ಗ್ರಂಥದಲ್ಲಿರುವುದು ಮನಸ್ಸಿಗೆ ಇಳಿಯಲು ಕಾಲ ಬೇಕು. 250ರ ದಶಕದಲ್ಲಿ ರೋಮನ್ ಸಾಮ್ರಾಜ್ಯದಲ್ಲಿ ಭಯಂಕರವಾದ ಸಾಂಕ್ರಾಮಿಕ ರೋಗ ಹಬ್ಬಿತು. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಬಿಷಪ್ ಆಗಿದ್ದ ಸಿಪ್ರಿಯನ್ ತನ್ನ ಜನಕ್ಕೆ ಧೈರ್ಯ ಹೇಳಲು ಮರಣವನ್ನು ಕುರಿತು ಒಂದು ಪುಸ್ತಿಕೆಯನ್ನು ಬರೆದನು. ಸತ್ತವರು ಕಳೆದುಹೋದವರಲ್ಲ, ನಮಗಿಂತ ಮುಂದಾಗಿ ಹೊರಟವರು. ಅವರು ಅಲ್ಲಿ ಬಿಳಿಯುಡುಗೆ ತೊಟ್ಟಿರುವಾಗ ನಾವು ಇಲ್ಲಿ ಕಪ್ಪು ಬಟ್ಟೆ ತೊಡುವುದು ಸಲ್ಲದು ಎಂಬುದು ಅವನ ವಾದ. ಇದು ಒಣ ಉಪದೇಶವಲ್ಲ. 258ರಲ್ಲಿ ಅವನೇ ತನ್ನ ನಂಬಿಕೆಗಾಗಿ ತಲೆ ಕೊಟ್ಟನು.

384ರಲ್ಲಿ ರೋಮಿನಲ್ಲಿ ಬ್ಲೆಸಿಲ್ಲಾ ಎಂಬ ಇಪ್ಪತ್ತರ ಆಸುಪಾಸಿನ ವಿಧವೆ ತೀರಿಕೊಂಡಳು. ಶವಯಾತ್ರೆಯಲ್ಲಿ ಅವಳ ತಾಯಿ ಮೂರ್ಛೆ ಹೋದಳು. ಮಹಾವಿದ್ವಾಂಸನಾದ ಜೆರೋಮ್ ಆ ತಾಯಿಗೆ ಪತ್ರ ಬರೆದು, ಇಂಥ ಅತಿಶೋಕ ಕ್ರೈಸ್ತಳಿಗೆ ತಕ್ಕದ್ದಲ್ಲವೆಂದು ಗದರಿದನು. ಬರೆಯುವಾಗ ತನ್ನ ಕಣ್ಣುಗಳೂ ಒದ್ದೆಯಾಗಿವೆಯೆಂದು ಅದೇ ಪತ್ರದಲ್ಲಿ ಒಪ್ಪಿಕೊಂಡನು! ಇಪ್ಪತ್ತು ವರ್ಷಗಳ ಮೇಲೆ, 404ರಲ್ಲಿ, ಆ ತಾಯಿಯೇ ಬೆತ್ಲೆಹೇಮಿನಲ್ಲಿ ತೀರಿಕೊಂಡಾಗ ಜೆರೋಮನಿಗೆ ಬರೆಯಲು ಕೈಯೇ ಏಳಲಿಲ್ಲ.

ಮಿಲಾನಿನ ಬಿಷಪ್ ಆಂಬ್ರೋಸನ ದಾರಿ ಬೇರೆ. 370ರ ದಶಕದಲ್ಲಿ ತನ್ನ ಅಣ್ಣ ಸಾತಿರಸ್ ಮಡಿದಾಗ ಅವನು ಸಭೆಯ ಮುಂದೆಯೇ ಮನಸ್ಸು ಬಿಚ್ಚಿ ದುಃಖಿಸಿದನು. ಎಲ್ಲ ಅಳುವೂ ಅವಿಶ್ವಾಸದಿಂದ ಹುಟ್ಟಿದ್ದಲ್ಲ. ಕ್ರಿಸ್ತನು ಪರರಿಗಾಗಿ ಅತ್ತನು, ನಾನು ಒಡಹುಟ್ಟಿದವನಿಗಾಗಿ ಅಳಬಾರದೆ ಎಂಬುದು ಅವನ ಮಾತಿನ ತಾತ್ಪರ್ಯ.

ಈ ಆಂಬ್ರೋಸನಿಂದಲೇ 387ರ ಈಸ್ಟರ್ ಹಬ್ಬದಲ್ಲಿ ದೀಕ್ಷಾಸ್ನಾನ ಪಡೆದವನು ಅಗಸ್ಟೀನ್. ಅದೇ ವರ್ಷ ಅವನೂ ಅವನ ತಾಯಿ ಮೋನಿಕಳೂ ಆಫ್ರಿಕದ ಸ್ವಂತ ಊರಿಗೆ ಹೊರಟು, ರೋಮಿನ ರೇವಾದ ಒಸ್ತಿಯಾದಲ್ಲಿ ತಂಗಿದ್ದರು. ಅಲ್ಲಿ ಮೋನಿಕಳಿಗೆ ಜ್ವರ ಬಂತು. ಒಂಬತ್ತನೆಯ ದಿನ ತೀರಿಕೊಂಡಳು. ಆಕೆಗೆ 56, ಮಗನಿಗೆ 33. ಊರಿನಲ್ಲಿ ಗಂಡನ ಮಗ್ಗುಲಲ್ಲಿ ಮಲಗಬೇಕೆಂಬುದು ಆಕೆಯ ಬಹುದಿನದ ಆಸೆಯಾಗಿತ್ತು. ಕೊನೆಗೆ ಅದನ್ನೂ ಬಿಟ್ಟುಕೊಟ್ಟಳು. ದೇಹವನ್ನು ಎಲ್ಲಿಯಾದರೂ ಹೂಳಿರಿ, ಪೂಜೆಯ ಹೊತ್ತಿನಲ್ಲಿ ಮಾತ್ರ ನನ್ನನ್ನು ನೆನೆಯಿರಿ ಎಂದಳು.

ಮುಂದಿನದನ್ನು ಅಗಸ್ಟೀನನು ಹತ್ತು ವರ್ಷಗಳ ತರುವಾಯ ತನ್ನ ಆತ್ಮನಿವೇದನೆಯಲ್ಲಿ ಬರೆದಿಟ್ಟಿದ್ದಾನೆ. ತಾಯಿಯ ಕಣ್ಣು ಮುಚ್ಚಿದವನು ಅವನೇ. ಅವನ ಮಗ ಅದೆಯೊದಾತಸ್ ಗಟ್ಟಿಯಾಗಿ ಅತ್ತುಬಿಟ್ಟನು. ಎಲ್ಲರೂ ಸೇರಿ ಆ ಹುಡುಗನ ಬಾಯಿ ಮುಚ್ಚಿಸಿದರು. ಪುಣ್ಯವತಿಯ ಸಾವಿಗೆ ರೋದನ ಒಪ್ಪದೆಂದು ಅವರ ಎಣಿಕೆ. ತನ್ನೊಳಗಿದ್ದ ಹುಡುಗನನ್ನೂ ಅಗಸ್ಟೀನ್ ಹಾಗೆಯೇ ಗದರಿಸಿ ಕೂರಿಸಿದನು. ಶವಸಂಸ್ಕಾರದಲ್ಲಿ ಅಳಲಿಲ್ಲ. ಸ್ನಾನಗೃಹಕ್ಕೆ ಹೋದನು, ಗ್ರೀಕರು ಅದಕ್ಕಿಟ್ಟ ಹೆಸರಿಗೆ ಮನಸ್ಸಿನ ಕಳವಳವನ್ನು ಓಡಿಸುವುದೆಂಬ ವ್ಯುತ್ಪತ್ತಿಯನ್ನು ಅವನು ಕೇಳಿದ್ದನು. ಮಿಂದು ಬಂದನು, ಕಳವಳ ಓಡಲಿಲ್ಲ. ವ್ಯುತ್ಪತ್ತಿಯಿಂದ ದುಃಖ ಹೋಗುವುದಿಲ್ಲವೆಂಬುದನ್ನು ನಮ್ಮಂಥ ಭಾಷೆಯ ಮೇಷ್ಟರುಗಳೂ ಗಮನಿಸಬೇಕು.

ರಾತ್ರಿ ಸ್ವಲ್ಪ ನಿದ್ದೆ ಬಂತು. ಎಚ್ಚರಾದಾಗ ಹಾಸಿಗೆಯಲ್ಲಿ ಒಬ್ಬನೇ ಮಲಗಿದ್ದು ಆಂಬ್ರೋಸನ ಒಂದು ಸ್ತೋತ್ರವನ್ನು ನೆನೆದುಕೊಂಡನು. ಮೆಲ್ಲಮೆಲ್ಲನೆ ತಾಯಿಯ ನೆನಪು ಮರಳಿತು. ತಡೆದಿದ್ದ ಕಣ್ಣೀರನ್ನು ಹರಿಯಬಿಟ್ಟು, ಅದರ ಮೇಲೆ ಹೃದಯವನ್ನು ಒರಗಿಸಿ ವಿಶ್ರಮಿಸಿದನು. ಅಲ್ಲಿ ಕೇಳುತ್ತಿದ್ದವನು ದೇವರೊಬ್ಬನೇ ಎಂದು ಅವನು ಹೇಳುತ್ತಾನೆ. ತನಗಾಗಿ ವರ್ಷಗಟ್ಟಲೆ ಅತ್ತ ತಾಯಿಗಾಗಿ ತಾನು ಒಂದು ಗಳಿಗೆ ಅತ್ತದ್ದು ಪಾಪವೆಂದು ತೋರಿದರೆ, ಓದುಗನು ನಗದಿರಲಿ, ತನಗಾಗಿ ಅಳಲಿ ಎಂದೂ ಬೇಡುತ್ತಾನೆ.

ಇದನ್ನು ಬರೆಯುವಾಗ ಅವನು ಬಿಷಪ್ ಆಗಿದ್ದನು. ಅತ್ತದ್ದನ್ನು ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬರೆದಿಟ್ಟದ್ದರಿಂದ ದುಃಖದಲ್ಲಿರುವ ಎಷ್ಟೋ ಜನಕ್ಕೆ ಅಳುವ ಅಧಿಕಾರ ದೊರೆಯಿತೆಂದು ನನಗೆ ತೋರುತ್ತದೆ. ಪುನರುತ್ಥಾನದ ನಂಬಿಕೆಯನ್ನು ಅವನು ಆ ರಾತ್ರಿಯೂ ಬಿಡಲಿಲ್ಲ. ಆದರೆ ಆ ನಂಬಿಕೆ ಕಣ್ಣೀರಿಗೆ ಕಟ್ಟೆಯಾಗಬೇಕಾಗಿಲ್ಲವೆಂಬುದನ್ನು ಕಂಡುಕೊಂಡನು. ದೇವರು ಮಗ್ಗುಲಲ್ಲಿದ್ದಾನೆಂಬ ಭರವಸೆಯಲ್ಲಿ ಅಳುವುದೇ ಅವನಿಗೆ ಸಾಂತ್ವನವಾಯಿತು.

1945ರಲ್ಲಿ ಒಸ್ತಿಯಾದ ಚರ್ಚೊಂದರ ಪಕ್ಕದಲ್ಲಿ ಇಬ್ಬರು ಹುಡುಗರು ನೆಲ ಅಗೆಯುತ್ತಿದ್ದಾಗ ಅಮೃತಶಿಲೆಯ ತುಂಡೊಂದು ಸಿಕ್ಕಿತು. ಅದು ಮೋನಿಕಳ ಸಮಾಧಿಲೇಖದ ಭಾಗ. ಆಕೆಯ ಅಸ್ಥಿಗಳನ್ನು 1430ರಲ್ಲಿಯೇ ರೋಮಿಗೆ ಒಯ್ದಿದ್ದರು. ಎಲ್ಲಿಯಾದರೂ ಹೂಳಿರಿ ಎಂದ ತಾಯಿಯ ಕಲ್ಲು ಒಡೆದುಹೋಗಿತ್ತು. ನೆನೆಯಿರಿ ಎಂದ ಮಾತನ್ನು ಮಾತ್ರ ಮಗ ನಡೆಸಿಕೊಟ್ಟಿದ್ದನು.