ಹಿಮಗಿರಿಯೂ ವರವು ಕಾವಲೂ

ಚಳ್ಳಕೆರೆ ಮೊಳಕಾಲ್ಮೂರು ಸೀಮೆಯವರಾದ ನಮಗೆ ಹಿಮವೆಂಬುದು ಗ್ರಂಥಗಳಲ್ಲಿ ಓದತಕ್ಕ ವಸ್ತುವೇ ಹೊರತು ಕಣ್ಣಿಂದ ಕಾಣತಕ್ಕದ್ದಲ್ಲ. ಮಳೆಯೇ ಅಪರೂಪವಾದ ನಾಡಿನಲ್ಲಿ ಹಿಮದ ಮಾತನ್ನೆತ್ತುವುದು ವಾಚಕರಿಗೆ ವಿನೋದವಾಗಿ ತೋರಬಹುದು. ನಾನು ಉಪಾಧ್ಯಾಯನಾಗಿದ್ದಾಗ ಒಂದು ದಿನ ಕುಮಾರಸಂಭವದ ಪ್ರಥಮ ಸರ್ಗದಲ್ಲಿ ಬರುವ ಹಿಮಾಲಯದ ವರ್ಣನೆಯನ್ನು ಮಕ್ಕಳಿಗೆ ವಿವರಿಸುತ್ತಿರಲಾಗಿ, ಕುರಿಗಾಹಿಯ ಮಗನೊಬ್ಬನು ಎದ್ದುನಿಂತು, "ಅಷ್ಟು ಹಿಮದ ಮೇಲೆ ಮನುಷ್ಯರು ಓಡಾಡುವುದು ಹೇಗೆ, ಸಾರ್?" ಎಂದು ಕೇಳಿದನು. ದೇವತೆಗಳ ಮತ್ತು ಕಿನ್ನರರ ಸಂಚಾರವನ್ನು ಹೇಳಬಲ್ಲವನಾಗಿದ್ದೆನೇ ಹೊರತು ಮನುಷ್ಯರ ಸಂಚಾರವನ್ನು ನಾನರಿಯೆ. ಏನೋ ಹೇಳಿ ಹುಡುಗನನ್ನು ಕುಳ್ಳಿರಿಸಿದೆನು.

ಬಹುಕಾಲದ ಮೇಲೆ, ನಾಯಕನಹಟ್ಟಿಯ ಕಡೆಗೆ ಹೋಗಿದ್ದಾಗ, ವರವು ಕಾವಲಿನ ಗೋಡೆಯ ಮಗ್ಗುಲಲ್ಲಿ ದೇವರ ಎತ್ತುಗಳನ್ನು ಕಾಯುತ್ತಿದ್ದ ಮುದುಕನಾದ ಕಿಲಾರಿಯೊಬ್ಬನು ನನ್ನನ್ನು ತಡೆದು, "ಈ ಗೋಡೆಯೊಳಗಿನ ಹುಲ್ಲು ಯಾವ ದೇವರ ಪಾಲಾಯಿತು, ಮೇಷ್ಟ್ರೇ?" ಎಂದನು. ಆಗಲೂ ನಾನು ನಿರುತ್ತರನಾದೆನು. ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರುವ ಈ ಎರಡು ಪ್ರಶ್ನೆಗಳಿಗೆ ಚರಿತ್ರೆಯಲ್ಲಿ ಒಂದೇ ಉತ್ತರವಿದೆಯೆಂದು ಈಗ ನನಗೆ ತೋರುತ್ತಿದೆ. ಅದನ್ನು ಸಂಗ್ರಹವಾಗಿ ಬರೆಯುವುದೇ ಈ ಲೇಖನದ ಉದ್ದೇಶ.

ಮೊದಲು ಹುಡುಗನ ಪ್ರಶ್ನೆ. ಮೃದುವಾದ ಹೊಸ ಹಿಮದಲ್ಲಿ ಬರಿಯ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವುದು. ಆದಕಾರಣ ಉತ್ತರ ಯೂರೋಪಿನ ಜನರು ಬಹು ಪ್ರಾಚೀನ ಕಾಲದಿಂದಲೂ ನೀಳವಾದ ಎರಡು ಹಲಗೆಗಳನ್ನು ಕಾಲಿಗೆ ಬಿಗಿದು ಹಿಮದ ಮೇಲೆ ಜಾರಿಹೋಗುವ ಉಪಾಯವನ್ನು ಕಂಡುಕೊಂಡಿದ್ದರು. ಇದಕ್ಕೆ ಸ್ಕೀ ಎಂದು ಹೆಸರು. ದೇಹದ ಭಾರವು ಹಲಗೆಯ ಉದ್ದಕ್ಕೂ ಹಂಚಿಹೋಗುವುದರಿಂದ ಕಾಲು ಹೂಳದು. ಇಳಿಜಾರಿನಲ್ಲಿ ವೇಗವೂ ತಾನಾಗಿ ಒದಗುವುದು. ನಮ್ಮ ದೇಶದಲ್ಲಿ ಈ ವಿದ್ಯೆಯು ಕಾಶ್ಮೀರದ ಗುಲ್ಮಾರ್ಗದಲ್ಲಿ ಬೇರೂರಿತು. ಅಲ್ಲಿ ಬ್ರಿಟಿಷ್ ಅಧಿಕಾರಿಗಳು 1927ರಲ್ಲಿ ಸ್ಕೀ ಸಂಘವೊಂದನ್ನು ಸ್ಥಾಪಿಸಿದರು. ಆಗ ಅದು ರಜಾದಿನಗಳ ವಿಹಾರ ಮಾತ್ರವಾಗಿತ್ತು.

ವಿಹಾರವು ಕರ್ತವ್ಯವಾದುದು ಕನ್ನಡನಾಡಿನವರೊಬ್ಬರ ಕೈಯಿಂದ ಎಂಬುದನ್ನು ನಾವು ಮರೆಯಬಾರದು. ಕೊಡಗಿನ ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು 1948ರ ಕಾಶ್ಮೀರ ಯುದ್ಧದಲ್ಲಿ ಸೇನಾ ವಿಭಾಗವೊಂದರ ಅಧಿಪತಿಗಳಾಗಿದ್ದರು. ಆ ವರ್ಷದ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ, ಲಡಾಖಿನ ದಾರಿಯನ್ನು ಅವರು ತೆರೆದುದು ಪ್ರಸಿದ್ಧವಾದ ಸಂಗತಿ. ಅಷ್ಟು ಪ್ರಸಿದ್ಧವಲ್ಲದ ಸಂಗತಿಯೇನೆಂದರೆ, ಹಿಮವನ್ನರಿಯದ ಸೈನಿಕನು ಶತ್ರುವಿಗಿಂತ ಮುಂಚೆ ಹಿಮಕ್ಕೇ ಬಲಿಯಾಗುವನೆಂಬುದನ್ನು ಕಂಡುಕೊಂಡು, ಅದೇ ಚಳಿಗಾಲದಲ್ಲಿ ಗುಲ್ಮಾರ್ಗದಲ್ಲಿ ತಮ್ಮ ವಿಭಾಗದ ಸ್ಕೀ ಶಾಲೆಯೊಂದನ್ನು ಅವರು ತೆರೆಯಿಸಿದರು. ಆ ಶಾಲೆಯೇ ಬೆಳೆದು 1962ರಲ್ಲಿ ಉನ್ನತ ಪರ್ವತ ಯುದ್ಧಶಾಲೆಯೆಂಬ ಹೆಸರನ್ನು ಪಡೆಯಿತು. ಮಂಜು ಮಳೆಗಳ ಕೊಡಗಿನಲ್ಲಿ ಹುಟ್ಟಿದವರು ಹಿಮದ ವಿದ್ಯೆಗೆ ಪಾಠಶಾಲೆಯನ್ನು ಕಟ್ಟಿದರು.

ಇತ್ತ ಹೊರದೇಶಗಳಲ್ಲಿ ಇದೇ ವಿದ್ಯೆಗೆ ಇನ್ನೊಂದು ಸಾಧನವು ಕೂಡಿಬಂದಿತು. ಬೆಟ್ಟದಿಂದ ಜಾರಿ ಇಳಿಯುವುದು ಕೆಲವು ನಿಮಿಷಗಳ ಸುಖ. ಅದಕ್ಕಾಗಿ ಏರುವುದಾದರೋ ಇಡೀ ದಿನದ ಶ್ರಮ. ಆಸ್ಟ್ರಿಯಾದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲಸಿದ ಹಾನ್ಸ್ ಗ್ಮೋಸರ್ ಎಂಬ ಪರ್ವತ ಮಾರ್ಗದರ್ಶಕರು 1965ರಲ್ಲಿ ಹೆಲಿಕಾಪ್ಟರಿನ ಮೂಲಕ ಜನರನ್ನು ಯಾರೂ ತುಳಿಯದ ಶಿಖರಗಳ ಮೇಲಿಳಿಸಿ, ಅಲ್ಲಿಂದ ಸ್ಕೀ ಮಾಡಿಸುವ ಪದ್ಧತಿಯನ್ನಾರಂಭಿಸಿದರು. ಅದು ಲೋಕವೆಲ್ಲ ಹಬ್ಬಿ, ಎಂಬತ್ತು ತೊಂಬತ್ತರ ದಶಕಗಳಲ್ಲಿ ಕಾಶ್ಮೀರಕ್ಕೂ ಹಿಮಾಚಲದ ಮನಾಲಿಗೂ ಬಂದಿತು. ಹೆಲಿಕಾಪ್ಟರಿಲ್ಲದೆ, ಹಲಗೆಯ ಅಡಿಗೆ ಹಿಂದಕ್ಕೆ ಜಾರದಂಥ ಪಟ್ಟಿಯನ್ನಂಟಿಸಿ ತಾವೇ ನಡೆದೇರಿ ಇಳಿಯುವವರೂ ಉಂಟು. ಬಲ್ಲವರು ಇವರನ್ನೇ ಹೆಚ್ಚಾಗಿ ಗೌರವಿಸುವರು.

ನಮ್ಮ ರೈತರು ಮಳೆನಕ್ಷತ್ರಗಳನ್ನು ಲೆಕ್ಕಹಾಕುವಂತೆ ಹಿಮದವರಿಗೂ ಋತುಲೆಕ್ಕವಿದೆ. ಮಾರ್ಗಶಿರದಲ್ಲಿ ಹಿಮವು ಬೀಳತೊಡಗುವುದು; ಪುಷ್ಯ ಮಾಘಗಳಲ್ಲಿ ಆಳವಾಗಿ ಮೃದುವಾಗಿರುವುದು; ಚೈತ್ರದ ಹೊತ್ತಿಗೆ ಹಗಲು ಕರಗಿ ಇರುಳು ಹೆಪ್ಪುಗಟ್ಟಿ, ಬೆಳಗಿನ ಕೆಲವು ಗಂಟೆಗಳು ಮಾತ್ರವೇ ಸಂಚಾರಕ್ಕೆ ಯೋಗ್ಯವಾಗುವುವು. ಇವೆಲ್ಲದರಲ್ಲಿಯೂ ದೊಡ್ಡ ಭಯವೆಂದರೆ ಹಿಮಕುಸಿತ. ಓರೆಯಾಗಿಟ್ಟ ಚಪ್ಪಡಿಯ ಮೇಲೆ ರಾಗಿಯನ್ನು ಹರಡಿ, ಅದರ ಮೇಲೆ ಚಾಪೆಯನ್ನು ಹಾಸಿ, ಚಾಪೆಯ ಮೇಲೊಬ್ಬನು ಕಾಲಿಟ್ಟರೆ ಏನಾಗುವುದೆಂಬುದನ್ನು ವಾಚಕರು ಊಹಿಸಿಕೊಳ್ಳಲಿ. ಬೇರೆಬೇರೆ ದಿನಗಳಲ್ಲಿ ಬಿದ್ದ ಹಿಮವು ಪದರಪದರವಾಗಿ ನಿಂತಿರುವುದು; ಅಡಿಯ ಪದರವು ಕಾಳುಕಾಳಾಗಿ ಸಡಿಲಗೊಂಡಿದ್ದರೆ ಮೇಲಿನ ಪದರವು ಒಬ್ಬನ ಭಾರಕ್ಕೇ ಹಾಳೆಯಂತೆ ಕಿತ್ತುಕೊಂಡು ಬರುವುದು. ಹೂತವನನ್ನು ಮೊದಲ ಕಾಲುಗಂಟೆಯೊಳಗೆ ತೆಗೆಯದಿದ್ದರೆ ಬದುಕುವ ಆಸೆಯು ಬೇಗನೆ ಕುಗ್ಗುವುದು.

ಹೆಲಿಕಾಪ್ಟರಿಗೂ ಎತ್ತರವೇ ಶತ್ರು. ರೆಕ್ಕೆಗಳು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದಲೇ ಆ ಯಂತ್ರವು ಮೇಲೇಳುವುದು. ಸಮುದ್ರಮಟ್ಟದಿಂದ ಸುಮಾರು 18,000 ಅಡಿ ಮೇಲೆ ವಾಯುವಿನ ಒತ್ತಡವು ಅರ್ಧಕ್ಕಿಳಿಯುವುದು. ತಳ್ಳಲು ಗಾಳಿಯೂ ಸಾಲದು, ಎಂಜಿನ್ನಿಗೆ ಉಸಿರೂ ಸಾಲದು. ಈ ತೊಡಕನ್ನು ಬಿಡಿಸಿದ ಯಂತ್ರವು ನಮ್ಮ ದೇಶದ ಕೋರಿಕೆಯಿಂದಲೇ ಹುಟ್ಟಿತೆಂಬುದು ಹೆಮ್ಮೆಯ ವಿಷಯ. ಹಿಮಾಲಯದಲ್ಲಿ ಹಾರಬಲ್ಲ ಹಗುರವಾದ ಹೆಲಿಕಾಪ್ಟರೊಂದು ಭಾರತದ ಸೇನೆಗೆ ಬೇಕಾಗಿದ್ದುದರಿಂದ ಫ್ರಾನ್ಸಿನಲ್ಲಿ ಲಾಮಾ ಎಂಬ ಯಂತ್ರವು ನಿರ್ಮಾಣವಾಗಿ 1969ರ ಮಾರ್ಚಿಯಲ್ಲಿ ಮೊದಲು ಹಾರಿತು. 1972ರ ಜೂನ್ 21ರಂದು ಜ್ಯಾನ್ ಬೂಲೆ ಎಂಬ ಚಾಲಕರು ಅದನ್ನು 12,442 ಮೀಟರುಗಳ ಎತ್ತರಕ್ಕೇರಿಸಿ ಅಂದಿನ ಜಗತ್ತಿನ ದಾಖಲೆಯನ್ನು ಸ್ಥಾಪಿಸಿದರು. ಅಲ್ಲಿ ಎಂಜಿನ್ ಆರಿಹೋಗಲು, ತಿರುಗುವ ರೆಕ್ಕೆಗಳ ಆಧಾರದಿಂದಲೇ ನೆಲಕ್ಕಿಳಿದು ಬದುಕಿದರು. ಆಲ್ಪ್ಸ್ ಪರ್ವತಗಳಲ್ಲಿ ಸ್ಕೀ ವಿಹಾರಿಗಳನ್ನು ಶಿಖರಕ್ಕೆ ಮುಟ್ಟಿಸಿದುದೂ, ಅಪಾಯದಲ್ಲಿ ಸಿಕ್ಕಿದವರನ್ನು ಎತ್ತಿ ತಂದುದೂ ಬಹುಮಟ್ಟಿಗೆ ಇದೇ ಯಂತ್ರ. ಇದನ್ನೇ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಪರವಾನಗಿ ಪಡೆದು, ಎಪ್ಪತ್ತರ ದಶಕದಿಂದ ಚೀತಾ ಎಂಬ ಹೆಸರಿನಲ್ಲಿ ತಯಾರಿಸಿತು. ಅನ್ಯರಿಗೆ ವಿಹಾರದ ವಾಹನವಾದುದು ನಮಗೆ ಪ್ರಾಣದ ವಾಹನವಾಯಿತು.

ಸಿಯಾಚಿನ್ ಹಿಮನದಿಯ ಚರಿತ್ರೆಯಲ್ಲಿ ಇವೆರಡೂ, ಎಂದರೆ ಸ್ಕೀ ಹಲಗೆಯೂ ಚೀತಾ ಹೆಲಿಕಾಪ್ಟರೂ, ಒಂದೆಡೆ ಸೇರಿದುವು. ತಿಮ್ಮಯ್ಯನವರು ನೆಟ್ಟ ಶಾಲೆಯ ಮುಖ್ಯಸ್ಥರಾಗಿದ್ದ ನರೇಂದ್ರ ಕುಮಾರರು 1978ರಲ್ಲಿ ಶಿಷ್ಯರೊಡನೆ ಆ ಹಿಮನದಿಯನ್ನು ಹೊಕ್ಕು ಸಂಚರಿಸಿ ಬಂದರು. 1984ರ ಏಪ್ರಿಲ್ 13ರಂದು ಚೀತಾಗಳು ಸೈನಿಕರ ತುಕಡಿಯನ್ನು ಬಿಲಾಫೊಂಡ್ ಲಾ ಕಣಿವೆಯ ಬಳಿ ಇಳಿಸಿದುವು. ಅಂದಿನಿಂದ ಅಲ್ಲಿನ ಎತ್ತರದ ಠಾಣ್ಯಗಳಿಗೆ ಸೀಮೆಎಣ್ಣೆ, ಅನ್ನ, ಔಷಧ, ಕಾಗದಪತ್ರ ಎಲ್ಲವೂ ಆಕಾಶದಿಂದಲೇ ಇಳಿಯಬೇಕು. ಅತ್ಯುನ್ನತವಾದ ಠಾಣ್ಯಗಳಿಗೆ ಒಂದು ಸಲಕ್ಕೆ ಕೆಲವೇ ಹತ್ತು ಕಿಲೋಗಳ ಹೊರೆಯನ್ನು ಮಾತ್ರ ಒಯ್ಯಬಹುದಂತೆ. ನಮ್ಮೂರಿನ ಹೆಂಗಸರು ತಲೆಯ ಮೇಲೆ ಹೊರುವ ಸೌದೆಯ ಹೊರೆಗಿಂತ ಅದು ಹೆಚ್ಚಲ್ಲ.

2016ರ ಫೆಬ್ರವರಿ 3ರಂದು ಅಲ್ಲಿನ 19,600 ಅಡಿ ಎತ್ತರದ ಠಾಣ್ಯದ ಮೇಲೆ ಹಿಮಕುಸಿತವಾಗಿ ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಅವರಲ್ಲೊಬ್ಬರು. ಹಾಸನ ಮೈಸೂರು ಜಿಲ್ಲೆಗಳವರೂ ಆ ಹತ್ತರಲ್ಲಿದ್ದರು. ಹಿಮವನ್ನು ಕೊರೆಯುವ ಸಾಧನಗಳು ಹೆಲಿಕಾಪ್ಟರುಗಳಲ್ಲಿ ಹೋದುವು. ಆರು ದಿನಗಳ ಮೇಲೆ, ಇಪ್ಪತ್ತೈದು ಅಡಿಗೂ ಮಿಕ್ಕ ಹಿಮದ ಕೆಳಗೆ, ಕೊಪ್ಪದರು ಉಸಿರಾಡುತ್ತಲೇ ಸಿಕ್ಕಿದರು. ಹೆಲಿಕಾಪ್ಟರು ಅವರನ್ನು ಕೆಳಕ್ಕೆ ತಂದಿತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಅವರು ತೀರಿಕೊಂಡರು. ಆ ಮೂರು ದಿನ ಕನ್ನಡನಾಡಿನ ಮನೆಮನೆಯಲ್ಲಿಯೂ ದೀಪ ಹಚ್ಚಿ ಬೇಡಿಕೊಂಡುದನ್ನು ನಾವು ಬಲ್ಲೆವು. ಹಿಮವು ಪುಸ್ತಕದ ವಸ್ತುವೆಂದಿದ್ದ ನನ್ನ ಭ್ರಮೆಯು ಅಂದು ಹರಿಯಿತು.

ಇನ್ನು ಕಿಲಾರಿಯ ಪ್ರಶ್ನೆಗೆ ಬರೋಣ. ಕಾವಲುಗಳು ಹುಟ್ಟಿದುದೇ ಸೈನ್ಯದ ಹೊರೆಯನ್ನು ಸಾಗಿಸುವುದಕ್ಕಾಗಿ. ಚಿಕ್ಕದೇವರಾಜ ಒಡೆಯರ ಕಾಲದ (1672–1704) ಬೆಣ್ಣೆ ಚಾವಡಿಯು ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನಿಂದ ಅಮೃತ ಮಹಲ್ ಎಂಬ ಹೆಸರನ್ನು ಪಡೆಯಿತು. ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ಋತುವನ್ನನುಸರಿಸಿ ಗೊತ್ತುಮಾಡಿ ದನಗಳನ್ನು ಸಾಗಿಸುತ್ತಿದ್ದರು. ಈ ಎತ್ತುಗಳ ಬಲದಿಂದಲೇ ಹೈದರನ ದಂಡು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಮುಟ್ಟಿತೆಂದು ಗ್ಯಾಸೆಟಿಯರು ಹೇಳುವುದು. 1799ರ ತರುವಾಯ ಇಂಗ್ಲಿಷರು ಇವುಗಳನ್ನು ಕೈವಶಮಾಡಿಕೊಂಡರು. 1860ರಲ್ಲಿ ಖರ್ಚಿನ ನೆಪದಿಂದ ಹಿಂಡನ್ನು ಮಾರಿ, ಪಶ್ಚಾತ್ತಾಪಪಟ್ಟು, ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. 1882ರಲ್ಲಿ ಅದು ಮೈಸೂರು ಸರ್ಕಾರದ ವಶಕ್ಕೆ ಬಂದಿತು. ಒಡೆತನವು ದೊರೆಗಳದಾದರೂ ಸುತ್ತಣ ಹಳ್ಳಿಗಳ ದನಕುರಿಗಳಿಗೆ ಅಲ್ಲಿ ಬಾಯಿ ಹಾಕುವ ಅವಕಾಶವಿದ್ದೇ ಇತ್ತು. ದೇವರ ಎತ್ತುಗಳೂ, ಕಂಬಳಿಗೆ ಉಣ್ಣೆ ಕೊಡುವ ಕುರಿಗಳೂ, ಕೃಷ್ಣಮೃಗಗಳೂ ಒಂದೇ ಹುಲ್ಲನ್ನು ಹಂಚಿಕೊಂಡಿದ್ದುವು.

ಇಂಥ ವರವು ಕಾವಲಿನ 4,000 ಎಕರೆಗೂ ಮಿಕ್ಕ ನೆಲವು ರಕ್ಷಣಾ ಸಂಶೋಧನಾ ಸಂಸ್ಥೆಗೆ ಸಂದು, ವಿಮಾನ ಪರೀಕ್ಷಾಕ್ಷೇತ್ರವು 2017ರ ಮೇ 28ರಂದು ಉದ್ಘಾಟಿತವಾಯಿತು. ಚಾಲಕನಿಲ್ಲದ ವಿಮಾನಗಳು ಅಲ್ಲಿ ಹಾರತೊಡಗಿದುವು. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಸೇನೆಯ ಚಿನೂಕ್ ಹೆಲಿಕಾಪ್ಟರೊಂದು ಇಸ್ರೋ ಸಂಸ್ಥೆಯ ರೆಕ್ಕೆಯುಳ್ಳ ವಾಹನವನ್ನು ತನ್ನಡಿಯಲ್ಲಿ ತೂಗುಹಾಕಿಕೊಂಡು 4.5 ಕಿಲೋಮೀಟರ್ ಎತ್ತರಕ್ಕೇರಿ ಬಿಟ್ಟಿತು. ಆ ವಾಹನವು ತಾನಾಗಿಯೇ ಹಾದಿಯನ್ನರಸಿ ಕಾವಲಿನ ಓಡುದಾರಿಯ ಮೇಲೆ ಇಳಿಯಿತು. ಲಡಾಖಿನ ಗಡಿಗೆ ಭಾರವಾದ ಸಾಮಗ್ರಿಗಳನ್ನು ಸಾಗಿಸುವುದೂ ಇದೇ ಜಾತಿಯ ಹೆಲಿಕಾಪ್ಟರು. ಅದೇ ವರ್ಷದ ಫೆಬ್ರವರಿ 6ರಂದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಗಳ ಹೆಲಿಕಾಪ್ಟರ್ ಕಾರ್ಖಾನೆಯು ಉದ್ಘಾಟಿತವಾಯಿತು. ಮುದಿಯಾದ ಚೀತಾಗಳ ಸ್ಥಾನಕ್ಕೆ ಬರತಕ್ಕ ಹಗುರವಾದ ಹೆಲಿಕಾಪ್ಟರನ್ನು ಅಲ್ಲಿ ತಯಾರಿಸಬೇಕೆಂಬುದೇ ಸಂಕಲ್ಪ. ಆ ಸ್ಥಳದ ಹೆಸರೇನು ಬಲ್ಲಿರಾ? ಬಿದರೆಹಳ್ಳ ಕಾವಲು!

ಅಂತು ಹಿಂದೆ ಫಿರಂಗಿಯನ್ನೆಳೆಯುವ ಎತ್ತನ್ನು ಸಾಕಿದ ಕಾವಲೆಂಬ ನೆಲವೇ ಇಂದು ಹಿಮಗಿರಿಗೆ ಹೊರೆಯನ್ನೊಯ್ಯುವ ಯಂತ್ರಕ್ಕೆ ಎಡೆಕೊಟ್ಟಿದೆ. ಕೆಲಸವು ಅದೇ, ಹೊರುವ ವಾಹನವು ಮಾತ್ರ ಬೇರೆ. ಆದರೆ ಒಂದು ಭೇದವನ್ನು ಮುಚ್ಚಿಡಲಾಗದು. ಎತ್ತು ಹುಲ್ಲನ್ನು ಮೇದು ನೆಲವನ್ನು ಹುಲ್ಲಾಗಿಯೇ ಉಳಿಸಿತು. ಯಂತ್ರಕ್ಕೆ ಗೋಡೆ ಬೇಕಾಯಿತು. ಗೋಡೆಯ ಹೊರಗುಳಿದ ಹಳ್ಳಿಗರು ಪ್ರತಿಭಟಿಸಿದರು. ಕಾವಲುಗಳ ವ್ಯಾಜ್ಯವು ಹಸಿರು ನ್ಯಾಯಮಂಡಳಿಯವರೆಗೆ ಹೋಗಿ 2014ರ ಆಗಸ್ಟಿನಲ್ಲಿ ತೀರ್ಪಾಗಿ, ಕೆಲಸಗಳು ಮುಂದುವರಿದುವು. ಹುಲ್ಲುಗಾವಲನ್ನು ಬಂಜರೆಂದು ಕರೆಯುವ ವಾಡಿಕೆಯೇ ಈ ಅನರ್ಥದ ಮೂಲವೆಂದು ನಾನು ಬಗೆಯುವೆನು. ಶ್ರೀನಗರದವನಿಗೆ ಹಿಮವು ಹೇಗೆ ಬರಿಯ ನೀರಲ್ಲವೋ ಹಾಗೆಯೇ ನಮ್ಮವರಿಗೆ ಕಾವಲು ಬರಿಯ ಬಯಲಲ್ಲ.

ಈಗ ಆ ಕಿಲಾರಿಯು ಸಿಕ್ಕಿದರೆ ನಾನು ಹೀಗೆ ಹೇಳಬಲ್ಲೆನು: ಅಪ್ಪಾ, ನಿನ್ನ ಹುಲ್ಲು ಹಿಮದಲ್ಲಿ ನಿಂತ ಹುಡುಗರ ಪಾಲಾಯಿತು, ಅವರಲ್ಲಿ ನಮ್ಮ ನಾಡಿನ ಮಕ್ಕಳೂ ಇದ್ದಾರೆ. ಇದು ಅವನಿಗೆ ಸಮಾಧಾನವಾಗುವುದೋ ಇಲ್ಲವೋ, ಸುಳ್ಳಂತೂ ಅಲ್ಲ. ಆದರೆ ದಾನವನ್ನು ಪಡೆದವರು ದಾನಿಯ ಹೆಸರನ್ನು ಬರೆದಿಡಬೇಕೆಂಬುದು ನಮ್ಮ ಶಾಸನಗಳ ಸಂಪ್ರದಾಯ. ಭೂಮಿಯನ್ನು ಕೊಟ್ಟವನ ಹೆಸರನ್ನೂ, ಅದರ ಎಲ್ಲೆಯನ್ನೂ, ಅಲ್ಲಿ ಬಾಧ್ಯತೆಯುಳ್ಳವರನ್ನೂ ಕಲ್ಲಿನಲ್ಲಿ ಕೆತ್ತದೆ ನಮ್ಮ ಹಿರಿಯರು ಒಂದು ಗದ್ದೆಯನ್ನೂ ದತ್ತಿಬಿಟ್ಟವರಲ್ಲ. ವರವು ಕಾವಲಿನ ದತ್ತಿಗೆ ಅಂಥ ಕಲ್ಲು ಇನ್ನೂ ನೆಟ್ಟಿಲ್ಲ. ಸುತ್ತಣ ಹಳ್ಳಿಗಳ ವೃದ್ಧರು ಇರುವಾಗಲೇ, ಯಾವ ಹಿಂಡು ಯಾವ ಋತುವಿನಲ್ಲಿ ಯಾವ ಹಾದಿಯಿಂದ ಬಂದು ಎಲ್ಲಿ ಮೇಯುತ್ತಿತ್ತು, ಯಾವ ಹುಲ್ಲಿಗೆ ಏನು ಹೆಸರು ಎಂಬುದನ್ನು ಬರೆದಿಡುವುದು ನಮ್ಮ ಸಾಹಿತ್ಯಾಭಿಮಾನಿಗಳ ಪಾಲಿನ ಕರ್ತವ್ಯವೆಂದು ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುವೆನು.